ಒಡಲೊಂದು ಬಣ್ಣ, ಅಂಚೊಂದು ಬಣ್ಣ

ಮೊನ್ನೆ ಚಿತ್ರದುರ್ಗದ ಅಂಗಡಿಯೊಂದರಲ್ಲಿ ಅಮ್ಮ ಕಡುಗೆಂಪು ಸೀರೆ ಹಿಡಿದು ನೋಡ್ತಿದ್ದಳು. "ಕಪ್ಪಗಿರೋರಿಗೆ ಗಾಢ ಬಣ್ಣ ಒಪ್ಪಲ್ಲಮ್ಮ" ಅಂದ ಅಂಗಡಿಯವನು. ಅಮ್ಮ ಸುಮ್ಮನೆ ಕೆಳಗಿಟ್ಟಳು. ನನಗೆ ಮನಸ್ಸು ಚುರುಕ್ಕೆಂದಿತು.

ಈ 'ಒಪ್ಪೋ ಬಣ್ಣ'ದ ಲೆಕ್ಕಕ್ಕೂ ಒಂದು ಇತಿಹಾಸ ಇದೆ. ಜರ್ಮನಿಯ ಬೌಹೌಸ್ ಕಲಾಶಾಲೆಯಲ್ಲಿ ಪಾಠ ಮಾಡಿದ್ದ ಯೋಹಾನೆಸ್ ಇಟೆನ್, ವಿದ್ಯಾರ್ಥಿಗಳು ಆರಿಸುವ ಬಣ್ಣಕ್ಕೂ ಅವರ ಮೈಬಣ್ಣಕ್ಕೂ ನಂಟಿರೋದನ್ನ ಗಮನಿಸಿದರು. 1980ರಲ್ಲಿ ಅಮೆರಿಕದ ಕ್ಯಾರೊಲ್ ಜಾಕ್ಸನ್ 'ಕಲರ್ ಮಿ ಬ್ಯೂಟಿಫುಲ್' ಪುಸ್ತಕದಲ್ಲಿ ಜನರನ್ನು ವಸಂತ, ಬೇಸಿಗೆ, ಶರತ್ಕಾಲ, ಚಳಿಗಾಲ ಅಂತ ನಾಲ್ಕು ಗುಂಪು ಮಾಡಿದರು. ಕಪ್ಪು ಕೂದಲು, ಕಪ್ಪು ಕಣ್ಣಿನ ನಮ್ಮಂಥವರು ಬಹುತೇಕ ಚಳಿಗಾಲದವರು. ಅವರಿಗೆ ಹೇಳಿದ್ದೇನು ಗೊತ್ತಾ? ಗಾಢವಾದ, ಒಂದಕ್ಕೊಂದು ಎದ್ದುಕಾಣೋ ಬಣ್ಣ!

ನಮ್ಮ ಜಿಲ್ಲೆಯ ಮೊಳಕಾಲ್ಮೂರು ನೇಕಾರರು ಯಾವ ಪುಸ್ತಕವೂ ಇಲ್ಲದೆ ಇದನ್ನೇ ನೇಯ್ದರು. ಮೂರು ಲಾಳಿ: ಒಂದು ಒಡಲಿಗೆ, ಎರಡು ಅಂಚುಗಳಿಗೆ. ಹಾಗಾಗಿ ಎರಡು ಬಣ್ಣ ಕದಡದೆ ಎದುರುಬದುರು ನಿಲ್ಲುತ್ತವೆ. 2011ರಲ್ಲಿ ಆ ಸೀರೆಗೆ ಭೌಗೋಳಿಕ ಸೂಚಕದ ಮಾನ್ಯತೆಯೂ ಸಿಕ್ಕಿತು.

ಹೊಳಲ್ಕೆರೆಯ ನಮ್ಮಜ್ಜಿ ಅಮ್ಮನಿಗಿಂತ ಕಪ್ಪು. ಹಸಿರು ಒಡಲು, ಕೆಂಪಂಚಿನ ಮೊಳಕಾಲ್ಮೂರು ಸೀರೆ ಉಟ್ಟು ಹಿರಿಯೂರು, ಹೊಸದುರ್ಗದ ಮದುವೆಗಳಿಗೆಲ್ಲ ಹೋಗ್ತಿದ್ದಳು. ಒಪ್ಪಲ್ಲ ಅಂತ ಯಾರೂ ಅಂದಿದ್ದಿಲ್ಲ.

ಊರಿಗೆ ಬಂದು ಪೆಟ್ಟಿಗೆ ತೆಗೆದು ಆ ಸೀರೆಯನ್ನೇ ಅಮ್ಮನ ಕೈಗಿಟ್ಟೆ. ನಿಮ್ಮನೆ ಪೆಟ್ಟಿಗೆಯಲ್ಲಿ ಯಾವ ಬಣ್ಣ ಇದೆ?