ಕೊಪ್ಪರಿಗೆ ಕೇಳುವ ಬಲಿ

ಸಿದ್ಧೇಶ್ವರ ಗುಡಿಯ ಹತ್ತಿರದ ನಮ್ಮ ಓಣಿಯಲ್ಲಿ ದೀಪ ಹಚ್ಚಿದ ಮೇಲೆ ಆಯಿ ಹೇಳುತ್ತಿದ್ದುದು ಒಂದೇ ಕಥೆ. ಹಾಳುಬಿದ್ದ ಬಾದಶಾಹಿ ಗೋಡೆಗಳ ಕೆಳಗೆ ಹೊನ್ನಿನ ಕೊಪ್ಪರಿಗೆಗಳಿವೆ, ಸರ್ಪ ಕಾಯುತ್ತದೆ. ನಡುರಾತ್ರಿ ಕೊಪ್ಪರಿಗೆ "ಬರಲೇ?" ಎನ್ನುತ್ತದೆ; "ಬಾ" ಎಂದವರ ಮನೆಯ ಚೊಚ್ಚಲ ಬಸುರಿಯನ್ನು ಕೇಳುತ್ತದೆ. ಆಸೆ ಗಂಡಸರದು, ಬಲಿ ಮಾತ್ರ ಸೊಸೆ! ನಾನು ಹೊಟ್ಟೆಯಲ್ಲಿದ್ದಾಗ ಅವ್ವ ಕತ್ತಲಾದ ಮೇಲೆ ಹಿತ್ತಲಿಗೆ ಒಬ್ಬಳೇ ಹೋಗುತ್ತಿರಲಿಲ್ಲವಂತೆ.

1686ರಲ್ಲಿ ಔರಂಗಜೇಬ ವಿಜಾಪುರ ಗೆದ್ದು ಆದಿಲಶಾಹಿಯನ್ನೇ ಮುಗಿಸಿದ. ಗೆದ್ದವನು ಹೊನ್ನನ್ನು ನಮಗೆಂದು ನೆಲದಲ್ಲಿ ಬಿಟ್ಟು ಹೋದಾನೆಯೇ? 1854ರಲ್ಲಿ ಮಲಿಕ್-ಎ-ಮೈದಾನ ತೋಪು ಹರಾಜಾದಾಗ ಕೂಗಿದ ಬೆಲೆ ಬರೀ 150 ರೂಪಾಯಿ! ಪುಣ್ಯಕ್ಕೆ ಮಾರಾಟ ರದ್ದಾಯಿತು. ಆ ತೋಪಿನ ತೆರೆದ ಸಿಂಹದ ಬಾಯಲ್ಲಿ ಪುಟ್ಟ ಆನೆಯೊಂದು ನುಜ್ಜಾಗುತ್ತಿದೆ. ನೋಡಿದಾಗಲೆಲ್ಲ ನನಗೆ ಅವ್ವನ ಹಿತ್ತಲ ಬಾಗಿಲು ನೆನಪಾಗುತ್ತದೆ.