ವೇಷ ಕಳಚಿದ ಮೇಲೆ ಉಳಿಯುವ ಪ್ರಶ್ನೆ

ಮಾರತ್ತಹಳ್ಳಿ ಎಂದೊಡನೆ ಬೆಂಗಳೂರಿಗರಿಗೆ ನೆನಪಾಗುವುದು ವರ್ತುಲ ರಸ್ತೆ, ಸಾಫ್ಟ್‌ವೇರ್ ಕಚೇರಿಗಳು ಮತ್ತು ವಾಹನದಟ್ಟಣೆ. ಕನ್ನಡ ನಾಟಕ ನೋಡಬೇಕೆಂದರೆ ಇಲ್ಲಿಯವರು ಬಹುಕಾಲ ರವೀಂದ್ರ ಕಲಾಕ್ಷೇತ್ರದತ್ತ, 2004ರ ನಂತರ ಜೆ.ಪಿ. ನಗರದ ರಂಗಶಂಕರದತ್ತ ಹೊರಡಬೇಕಾಗುತ್ತಿತ್ತು. 2011ರಲ್ಲಿ ವರ್ತೂರು ರಸ್ತೆಯ ರಾಮಗೊಂಡನಹಳ್ಳಿಯಲ್ಲಿ ಅರುಂಧತಿ ಮತ್ತು ಜಗದೀಶ್ ರಾಜಾ ದಂಪತಿ ‘ಜಾಗೃತಿ’ ರಂಗಮಂದಿರ ತೆರೆದರು. 2015ರಲ್ಲಿ ಇಂದಿರಾನಗರದ ಮ್ಯಾಕ್ಸ್‌ಮುಲ್ಲರ್ ಭವನ ಮತ್ತು ‘ಸ್ಯಾಂಡ್‌ಬಾಕ್ಸ್ ಕಲೆಕ್ಟಿವ್’ ಕೂಡಿ ‘ಜೆಂಡರ್ ಬೆಂಡರ್’ ಉತ್ಸವ ಆರಂಭಿಸಿದವು. ಹೆಣ್ಣು, ಗಂಡು ಎಂಬ ಭೇದವನ್ನೇ ವಸ್ತುವಾಗಿಸಿ ಹೊಸ ಕೃತಿ ಕಟ್ಟುವ ಕಲಾವಿದರಿಗೆ ಧನಸಹಾಯ ನೀಡುವುದು ಅದರ ಕ್ರಮ. ‘ನಾನು ಯಾರು’ ಎಂಬ ಪ್ರಶ್ನೆ ಹೀಗೆ ನಗರದ ಪೂರ್ವ ಭಾಗದಲ್ಲೂ ರಂಗಕ್ಕೇರಿತು.

ಆದರೆ ಪ್ರಶ್ನೆ ಹೊಸದಲ್ಲ. ಯಕ್ಷಗಾನದಲ್ಲಿ ಶತಮಾನಗಳ ಕಾಲ ಸ್ತ್ರೀವೇಷ ಧರಿಸಿದವರು ಗಂಡಸರೇ. ಗುಬ್ಬಿ ಕಂಪನಿಯಲ್ಲಿ ಪಳಗಿದ ಆರ್. ನಾಗರತ್ನಮ್ಮ 1958ರಲ್ಲಿ ‘ಸ್ತ್ರೀ ನಾಟಕ ಮಂಡಳಿ’ ಕಟ್ಟಿ, ಹೆಂಗಸರಿಂದಲೇ ಎಲ್ಲ ಪಾತ್ರ ಮಾಡಿಸಿದರು. ತಾವೇ ಕಂಸನಾಗಿ, ರಾವಣನಾಗಿ ಗರ್ಜಿಸಿದರು. 2012ರಲ್ಲಿ ಅವರಿಗೆ ಪದ್ಮಶ್ರೀ ಸಂದಿತು. ಆದರೂ ಅಂದಿನ ನಿಯಮವೊಂದೇ: ಬಣ್ಣ ಹಚ್ಚಿದೊಡನೆ ಕಲಾವಿದ ಮರೆಯಾಗಬೇಕು, ಪಾತ್ರ ಮಾತ್ರ ಕಾಣಬೇಕು. ವೇಷದೊಳಗಿನ ವ್ಯಕ್ತಿಯ ಬಾಳು ಚೌಕಿಯಲ್ಲೇ ಉಳಿಯುತ್ತಿತ್ತು.

ಆ ಚೌಕಿಯನ್ನೇ ರಂಗಕ್ಕೆ ತಂದದ್ದು 2015ರ ‘ಅಕ್ಷಯಾಂಬರ’. ಬೆಂಗಳೂರಿನ ಶರಣ್ಯಾ ರಾಮ್‌ಪ್ರಕಾಶ್ ಉಡುಪಿಯಲ್ಲಿ ಗುರು ಬನ್ನಂಜೆ ಸಂಜೀವ ಸುವರ್ಣರ ಬಳಿ ಯಕ್ಷಗಾನ ಕಲಿತವರು. ಪುರುಷರದೇ ಆಗಿದ್ದ ಕಲೆಗೆ ಕಾಲಿಟ್ಟ ಹೆಣ್ಣಿನ ಅನುಭವದಿಂದಲೇ ಅವರ ನಾಟಕ ಹುಟ್ಟಿತು. ಕಥೆ ಸರಳ. ಮೇಳದಲ್ಲಿ ದ್ರೌಪದಿಯ ವೇಷಕ್ಕೆ ಹೆಸರಾದ ಗಂಡಸು. ಕೌರವನ ವೇಷಕ್ಕೆ ಹೊಸದಾಗಿ ಬಂದ ಹೆಂಗಸು. ದ್ರೌಪದಿಯಾಗಿ ಪ್ರಸಾದ್ ಚೇರ್ಕಾಡಿ, ಕೌರವನಾಗಿ ಸ್ವತಃ ಶರಣ್ಯಾ. ವಸ್ತ್ರಾಪಹರಣದ ಪ್ರಸಂಗದಲ್ಲಿ ಅಧಿಕಾರದ ಸ್ಥಾನದಲ್ಲಿ ನಿಂತವಳು ಹೆಣ್ಣು, ಅಪಮಾನಕ್ಕೊಳಗಾಗುವವನು ಗಂಡು. ಹಾಗಾದರೆ ದರ್ಪ ಯಾರದು? ದೇಹದ್ದೇ, ವೇಷದ್ದೇ, ಸ್ಥಾನದ್ದೇ? ಹೆಣ್ಣಿಗೆ ಪ್ರವೇಶ ಸಿಕ್ಕರೆ ನ್ಯಾಯ ಸಿಕ್ಕಿತೆಂಬ ಸುಲಭ ಉತ್ತರ ಇಲ್ಲಿಲ್ಲ. ಅವಳಿಗೆ ಜಾಗ ದೊರೆತಾಗ ಸ್ತ್ರೀವೇಷವನ್ನೇ ಬದುಕಾಗಿಸಿಕೊಂಡವನ ಗತಿಯೇನು ಎಂಬುದನ್ನೂ ಕೇಳಲೇಬೇಕಾಗುತ್ತದೆ.

ವೇಷವನ್ನು ಕಳಚಬಹುದು, ಗುರುತನ್ನು ಕಳಚಲಾಗದು. ಲಿಂಗತ್ವ ಅಲ್ಪಸಂಖ್ಯಾತರ ರಂಗಕೃತಿಗಳಲ್ಲಿ ಈ ವ್ಯತ್ಯಾಸ ಇನ್ನಷ್ಟು ತೀಕ್ಷ್ಣ. ಬೆಂಗಳೂರಿನ ‘ಸಂಗಮ’ ಸಂಸ್ಥೆಯಲ್ಲಿ ದುಡಿದ ಎ. ರೇವತಿಯವರ ಆತ್ಮಕಥೆ 2010ರಲ್ಲಿ ಇಂಗ್ಲಿಷಿನಲ್ಲಿ ಬಂತು. ದು. ಸರಸ್ವತಿ ಅದನ್ನು ‘ಬದುಕು ಬಯಲು’ ಎಂದು ಕನ್ನಡಕ್ಕೆ ತಂದರು. ಹೆಗ್ಗೋಡಿನ ‘ಜನಮನದಾಟ’ ತಂಡ ಎಂ. ಗಣೇಶ್ ನಿರ್ದೇಶನದಲ್ಲಿ ರಂಗಕ್ಕಿಳಿಸಿ ಊರೂರಿಗೆ ಒಯ್ದಿತು. ಮುಂದೆ ತಮಿಳಿನ ಏಕವ್ಯಕ್ತಿ ಪ್ರಯೋಗ ‘ವೆಳ್ಳೈ ಮೊಳಿ’ಯಲ್ಲಿ ರೇವತಿ ತಮ್ಮ ಕಥೆಯನ್ನು ತಾವೇ ಅಭಿನಯಿಸಿದರು. ಪುಟದಿಂದ ಪರರ ದೇಹಕ್ಕೆ, ಅಲ್ಲಿಂದ ತಮ್ಮದೇ ದೇಹಕ್ಕೆ ಆ ಕಥೆ ಮರಳಿತು. ಬಳ್ಳಾರಿ ಸೀಮೆಯ ಮಂಜಮ್ಮ ಜೋಗತಿಯವರ ದಾರಿ ಬೇರೆ. ಎಲ್ಲಮ್ಮನ ಸೇವೆಯ ಜೋಗತಿ ನೃತ್ಯವೇ ಅವರಿಗೆ ಅನ್ನವೂ ಗುರುತೂ ಆಯಿತು. 2019ರಲ್ಲಿ ಅವರು ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು. 2021ರಲ್ಲಿ ಪದ್ಮಶ್ರೀ ಸ್ವೀಕರಿಸಿದರು.

ಇಂಥ ಪ್ರಯೋಗಗಳಿಗೆ ಅಪಾಯವೂ ಉಂಟು. ನೋವನ್ನು ಹೇಳಿದ್ದೇ ಕಲೆಯಾಗಿಬಿಡುವುದಿಲ್ಲ. ಪ್ರೇಕ್ಷಕ ಕಣ್ಣೊರೆಸಿಕೊಂಡು ಮನೆಗೆ ಹೋಗಬಹುದು, ಕಲಾವಿದೆಗೆ ಮರುದಿನ ಬಾಡಿಗೆಮನೆಯೇ ಸಿಗದಿರಬಹುದು. ತನ್ನದೇ ಕಥೆಯನ್ನು ಮತ್ತೆ ಮತ್ತೆ ಹೇಳಬೇಕಾದವರಿಗೆ ಬೇರೆ ಪಾತ್ರಗಳು ಸಿಗುವುದು ವಿರಳ. ಕೌರವನಾಗುವ, ದ್ರೌಪದಿಯಾಗುವ, ವಿದೂಷಕನಾಗುವ ಸ್ವಾತಂತ್ರ್ಯ ಎಲ್ಲ ಕಲಾವಿದರಿಗೂ ಇರಬೇಕು. ತನ್ನ ಬಾಳನ್ನು ಹೇಳುವ ಹಕ್ಕಿನೊಡನೆ ತನ್ನದಲ್ಲದ ಬಾಳನ್ನು ಅಭಿನಯಿಸುವ ಅವಕಾಶವೂ ಸಿಕ್ಕಾಗಲೇ ಆ ಕಲಾವಿದೆಯನ್ನು ರಂಗಭೂಮಿ ತನ್ನವಳೆಂದು ಒಪ್ಪಿಕೊಂಡಂತೆ.