ಎರಡು ಬ್ರೇಕುಗಳ ಕಥೆ

ದ್ರಾಕ್ಷಿ ವ್ಯಾಪಾರಕ್ಕೆಂದು ವಿಜಯಪುರ ಬಿಟ್ಟು ನಾಸಿಕ್ ಜಿಲ್ಲೆಯ ಪಿಂಪಳಗಾಂವ್ ಬಸವಂತ್‌ಗೆ ಬಂದವನು ನಾನು. ಇಲ್ಲಿ ನಮ್ಮ ಪಕ್ಕದ ತೋಟದಲ್ಲಿ ಕೆಲಸಕ್ಕಿದ್ದ ಕುಟುಂಬದ ಮಗುವೊಂದರ ಫೋಟೋ ತೆಗೆದಾಗ ಒಂದು ಕಣ್ಣು ಬೆಕ್ಕಿನ ಕಣ್ಣಿನಂತೆ ಬೆಳ್ಳಗೆ ಹೊಳೆಯಿತು. ಅದು ರೆಟಿನೋಬ್ಲಾಸ್ಟೋಮಾ, ಅಂದರೆ ಕಣ್ಣಿನ ಅಕ್ಷಿಪಟಲದ ಕ್ಯಾನ್ಸರ್. ಮುಂಬೈಯಲ್ಲಿ ಆ ಕಣ್ಣು ತೆಗೆದರು, ಮಗು ಉಳಿಯಿತು. ಆದರೆ ಮನೆಯ ಹಿರಿಯರು ತಾಯಿಯನ್ನು ಬಿಡಲಿಲ್ಲ: "ಬಸುರಿಯಾಗಿದ್ದಾಗ ಗ್ರಹಣದಲ್ಲಿ ಹೊರಗೆ ಹೋದೆ."

ಈ ರೋಗದ ಚರಿತ್ರೆ ಓದತೊಡಗಿದ್ದು ಆಗಲೇ. ನಮ್ಮ ಜೀವಕೋಶಗಳಲ್ಲಿ ವಿಭಜನೆಯನ್ನು ತಡೆಯುವ ಏನೋ ಇದೆ ಎಂದು ಜರ್ಮನಿಯ ಥಿಯೋಡೋರ್ ಬೊವೆರಿ 1914ರಲ್ಲೇ ಊಹಿಸಿದ್ದ. 1969ರಲ್ಲಿ ಆಕ್ಸ್‌ಫರ್ಡಿನ ಹೆನ್ರಿ ಹ್ಯಾರಿಸ್ ತಂಡ ಕ್ಯಾನ್ಸರ್ ಕೋಶವನ್ನು ಆರೋಗ್ಯವಂತ ಕೋಶದೊಂದಿಗೆ ಬೆಸೆದಾಗ, ಕ್ಯಾನ್ಸರಿನ ಗುಣವೇ ಅಡಗಿತು. ಅಂದರೆ ಒಳ್ಳೆಯ ಕೋಶದಲ್ಲಿ ಬ್ರೇಕ್ ಇದೆ!

1971ರಲ್ಲಿ ಅಮೆರಿಕದ ಆಲ್ಫ್ರೆಡ್ ನಡ್ಸನ್ ಇದೇ ಕಣ್ಣಿನ ರೋಗದ 48 ಪ್ರಕರಣಗಳ ದಾಖಲೆ ಹಿಡಿದು ಕೂತ. ಎರಡೂ ಕಣ್ಣಿಗೆ ರೋಗ ಬಂದವರಿಗೆ ಅದು ಬೇಗ ಬಂದಿತ್ತು. ಕಾರಣ ಸರಳ: ಪ್ರತಿ ಕೋಶದಲ್ಲೂ ಈ ಬ್ರೇಕಿನ ಎರಡು ಪ್ರತಿಗಳಿವೆ, ತಂದೆಯದೊಂದು, ತಾಯಿಯದೊಂದು. ಎರಡೂ ಕೆಟ್ಟರೆ ಮಾತ್ರ ಗೆಡ್ಡೆ. ಹುಟ್ಟುವಾಗಲೇ ಒಂದು ಕೆಟ್ಟಿದ್ದವರಿಗೆ ಇನ್ನೊಂದು ಏಟು ಸಾಕು. ಉಳಿದವರಲ್ಲಿ ಒಂದೇ ಕೋಶಕ್ಕೆ ಎರಡೂ ಏಟು ಬೀಳಬೇಕು.

1986ರಲ್ಲಿ ಆ ಜೀನ್ ಕೈಗೆ ಸಿಕ್ಕಿತು, 13ನೆಯ ಕ್ರೋಮೋಸೋಮಿನಲ್ಲಿ. ಹೆಸರು ಆರ್‌ಬಿ. ಇದರಿಂದ ಹುಟ್ಟುವ ಪ್ರೋಟೀನು, ಡಿಎನ್‌ಎ ನಕಲು ಶುರುಮಾಡುವ ಇನ್ನೊಂದು ಪ್ರೋಟೀನನ್ನು ಹಿಡಿದಿಟ್ಟುಕೊಳ್ಳುತ್ತದೆ. 1979ರಲ್ಲಿ ಸಿಕ್ಕ ಪಿ53 ಎಂಬುದನ್ನು ಮೊದಲು ಕ್ಯಾನ್ಸರ್ ತರುವ ಕಳ್ಳನೆಂದೇ ತಿಳಿದಿದ್ದರು. ಅದು ಕಾವಲುಗಾರ ಎಂದು ಗೊತ್ತಾದದ್ದು 1989ರಲ್ಲಿ.

ಆ ತಾಯಿಗೆ ನಾನು ಇಷ್ಟೇ ಹೇಳಿದೆ. ಒಂದೇ ಕಣ್ಣಿಗೆ ಬಂದವರಲ್ಲಿ ಹೆಚ್ಚಿನವರಿಗೆ ಇದು ಮನೆತನದಿಂದ ಬಂದದ್ದಲ್ಲ. ಹುಟ್ಟಿನಿಂದಲೇ ದೋಷ ಇದ್ದ ಮಕ್ಕಳಲ್ಲೂ ಅನೇಕ ಸಲ ಅದು ಹೆತ್ತವರಲ್ಲಿ ಇರುವುದಿಲ್ಲ, ಹೊಸದಾಗಿ ಹುಟ್ಟಿಕೊಳ್ಳುತ್ತದೆ. ಹಾಗೆ ಹುಟ್ಟುವುದು ಬಹುಪಾಲು ತಂದೆಯ ಕಡೆಯ ಪ್ರತಿಯಲ್ಲಿ. ಗ್ರಹಣಕ್ಕೆ ಇಲ್ಲಿ ಕೆಲಸವೇ ಇಲ್ಲ.

ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, "ಹಂಗಾದರ ಸಣ್ಣದರ ಕಣ್ಣೂ ತೋರಿಸಬೇಕೇನ್ರಿ?" ಎಂದಳು. ತೋರಿಸಬೇಕು ಎಂದೆ. ಮರುವಾರವೇ ಕೂಸನ್ನು ಸೆರಗಿನಲ್ಲಿ ಕಟ್ಟಿಕೊಂಡು ಮುಂಬೈ ಬಸ್ಸು ಹತ್ತಿದಳು. ಈ ಸಲ ಜೊತೆಗೆ ಗಂಡನೂ ಇದ್ದ.